ಸುಣ್ಣದ ಕೆಳಗಿನ ಪೊಲ್ಲಿಲೂರು

ನಮ್ಮ ಕಡೆ ಚಿನಕುರಳಿ ಎಂದರೆ ಮೊದಲು ನೆನಪಾಗುವುದು ಊರು. ಪಾಂಡವಪುರ ತಾಲ್ಲೂಕಿನ, ಕಬ್ಬು ಭತ್ತಗಳ ನಡುವಿನ ಊರು. ಕನ್ನಡದ ಉಳಿದ ಜನಕ್ಕೆ ಅದು ಚಟಪಟನೆ ಸಿಡಿಯುವ ಸಣ್ಣ ಪಟಾಕಿ. ಪತ್ರಿಕೆ ಓದುವವರಿಗೆ ‘ಪ್ರಜಾವಾಣಿ’ಯ ಕಿರು ವ್ಯಂಗ್ಯಚಿತ್ರದ ಹೆಸರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಈ ಮೂರೂ ಅರ್ಥ ಒಟ್ಟಿಗೆ ನೆನಪಾಗುತ್ತವೆ. ಆ ಚಿತ್ರದ ನಡುವೆ ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಅದನ್ನು ಬರೆದ ಕೈಗೆ ವ್ಯಂಗ್ಯ ಚೆನ್ನಾಗಿ ಗೊತ್ತಿತ್ತು. ಇನ್ನು ಊರಿನ ವಿಷಯ: ಚಿನಕುರಳಿ, ಪಾಂಡವಪುರದ ಕಡೆಯ ಶಾಲೆಗಳಲ್ಲಿ ಓದಿದ ನಮ್ಮಂಥವರಿಗೆ ಬದುಕಿನಲ್ಲಿ ಕಂಡ ಮೊದಲ ದೊಡ್ಡ ಚಿತ್ರವೇ ಅದು. ಮೇಷ್ಟರು ಸಾಲಾಗಿ ನಿಲ್ಲಿಸಿ ‘ಮುಟ್ಟಬೇಡಿ, ನೋಡಿ’ ಎಂದಿದ್ದರು. ನಾವು ನೋಡಿದೆವು. ಕತ್ತರಿಸಿ ಬಿದ್ದ ತಲೆಗಳನ್ನು ಎಣಿಸಿದೆವು. ಅಷ್ಟೇ.

ಮೂವತ್ತು ವರ್ಷಗಳ ಬಳಿಕ ಆ ಗೋಡೆಯ ಬಗ್ಗೆ ಬರೆಯಲು ಕುಳಿತಿರುವುದಕ್ಕೆ ಕಾರಣ ದೂರದ ಇನ್ನೊಂದು ಗೋಡೆ. ಆಸ್ಟ್ರೇಲಿಯಾದ ಊರು ಪಟ್ಟಣಗಳಲ್ಲಿ ಇಂದು ಅಲ್ಲಿನ ಮೂಲನಿವಾಸಿಗಳ ಚಿತ್ರಶೈಲಿಯನ್ನೂ ಪಾಶ್ಚಾತ್ಯ ಶೈಲಿಯನ್ನೂ ಬೆರೆಸಿ ಬೀದಿಗೋಡೆಗಳ ಮೇಲೆ ಬರೆಯುವ ಪದ್ಧತಿ ಬೆಳೆದಿದೆ. ಈ ಬೆರಕೆಯ ಕತೆಯಲ್ಲಿ ಪಪುನ್ಯಾ ಎಂಬ ಮರುಭೂಮಿಯ ಊರಿಗೆ ದೊಡ್ಡ ಸ್ಥಾನವಿದೆ. 1971ರಲ್ಲಿ ಅಲ್ಲಿನ ಶಾಲೆಯ ಗೋಡೆಯ ಮೇಲೆ ಮೂಲನಿವಾಸಿ ಹಿರಿಯರು ತಮ್ಮ ಪುರಾಣದ ಜೇನಿರುವೆಯ ಕತೆಯನ್ನು ಬರೆದರು. ಅವರಿಗೆ ಜೊತೆಯಾಗಿದ್ದವನು ಜೆಫ್ರಿ ಬಾರ್ಡನ್ ಎಂಬ ಬಿಳಿಯ ಚಿತ್ರಕಲಾ ಶಿಕ್ಷಕ. ಮೊದಲು ಬರೆದ ಇರುವೆಗಳು ಪುಸ್ತಕದಲ್ಲಿ ಕಾಣುವ ಇರುವೆಗಳ ಹಾಗೆ ಇದ್ದವು. ಇದು ನಿಮ್ಮ ಇರುವೆಯೋ ಬಿಳಿಯರ ಇರುವೆಯೋ ಎಂದು ಬಾರ್ಡನ್ ಕೇಳಿದ. ಕಾಪಾ ಎಂಬ ಚಿತ್ರಕಾರ ಮತ್ತು ಅವನ ಸಂಗಡಿಗರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಕಾಪಾ ಆ ಇರುವೆಗಳನ್ನು ಅಳಿಸಿ ತಮ್ಮ ಹಿರಿಯರು ಮರಳಿನ ಮೇಲೆ ಬರೆಯುತ್ತಿದ್ದ ಗುರುತುಗಳನ್ನು ಅಲ್ಲಿಟ್ಟ. ಬಣ್ಣ ಅಂಗಡಿಯದು, ಗೋಡೆ ಸರ್ಕಾರದ್ದು, ಗುರುತು ಮಾತ್ರ ತಮ್ಮದು. ಕೆಲವೇ ವರ್ಷಗಳಲ್ಲಿ ಆ ಗೋಡೆಗೆ ಸಾದಾ ಬಣ್ಣ ಬಳಿದು ಚಿತ್ರವನ್ನು ಮುಚ್ಚಿಬಿಟ್ಟರು. ಇಂದು ಅದು ಫೋಟೋಗಳಲ್ಲಿ ಮಾತ್ರ ಉಂಟು.

ಇದನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ಶ್ರೀರಂಗಪಟ್ಟಣ. ಎರಡು ಶೈಲಿಗಳು ಒಂದು ಗೋಡೆಯ ಮೇಲೆ ಸೇರಿದಾಗ ಯಾರು ಮನೆಯವರು, ಯಾರು ನೆಂಟರು ಎಂಬ ಪ್ರಶ್ನೆ ನಮ್ಮಲ್ಲಿ ಇನ್ನೂರು ವರ್ಷ ಮೊದಲೇ ಎದ್ದಿತ್ತು. ಸುಣ್ಣ ಬಳಿಯುವುದೂ ನಮ್ಮಲ್ಲಿ ಮೊದಲೇ ನಡೆದಿತ್ತು, ಅದೂ ಒಂದು ಸಲ ಅಲ್ಲ.

ಚಿತ್ರದ ವಿಷಯ ಹಲವರಿಗೆ ಗೊತ್ತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ವಿಲಿಯಂ ಬೈಲಿಯ ದಂಡನ್ನು ಸುತ್ತುವರಿದು ಮುರಿದರು. ಕೆಲವೇ ಮೈಲಿ ದೂರದಲ್ಲಿದ್ದ ಹೆಕ್ಟರ್ ಮನ್ರೋನ ದೊಡ್ಡ ಸೇನೆ ಹೊತ್ತಿಗೆ ಬರಲಿಲ್ಲ. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು. ಗಾಯಗೊಂಡ ಬೈಲಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದರು. 1782ರಲ್ಲಿ ಅವನು ಸೆರೆಯಲ್ಲೇ ತೀರಿಕೊಂಡ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1784ರಲ್ಲಿ ಮಂಗಳೂರು ಒಪ್ಪಂದವಾಗಿ ಯುದ್ಧ ಮುಗಿಯಿತು. ದರಿಯಾ ದೌಲತ್ ಅರಮನೆಯೂ 1784ರದ್ದೇ. ಹೆಚ್ಚಾಗಿ ತೇಗದ ಮರದಲ್ಲಿ ಕಟ್ಟಿದ, ತೋಟದ ನಡುವಿನ ಬೇಸಿಗೆ ಅರಮನೆ. ಒಳಗೆ ಹೆಚ್ಚಾಗಿ ಹೂಬಳ್ಳಿಗಳ ಅಲಂಕಾರ. ಮನುಷ್ಯರು, ಕುದುರೆಗಳು, ತೋಪುಗಳು ಇರುವುದು ಹೊರಜಗುಲಿಯ ಗೋಡೆಗಳ ಮೇಲೆ. ಪಶ್ಚಿಮದ ಗೋಡೆಯಲ್ಲಿ ಬಾಗಿಲಿನ ಒಂದು ಕಡೆ ಹೈದರ್ ಮತ್ತು ಟಿಪ್ಪುವಿನ ಸೇನೆಯ ಮೆರವಣಿಗೆ, ಇನ್ನೊಂದು ಕಡೆ ಪೊಲ್ಲಿಲೂರು.

ಯುದ್ಧದ ಫಲಕದ ಎದುರು ಸುಮ್ಮನೆ ಹತ್ತು ನಿಮಿಷ ನಿಲ್ಲಿ. ಇಂಗ್ಲಿಷರು ಆಯತಾಕಾರದ ಚೌಕಿ ಕಟ್ಟಿ ನಿಂತಿದ್ದಾರೆ. ಐರೋಪ್ಯ ಯುದ್ಧಶಾಸ್ತ್ರ ಕಲಿಸಿದ ಕಟ್ಟು ಅದು. ಪಾಶ್ಚಾತ್ಯ ಚಿತ್ರಕಾರನಾಗಿದ್ದರೆ ಇದನ್ನು ನೆಲಮಟ್ಟದಿಂದ, ಹತ್ತಿರದವರು ದೊಡ್ಡದಾಗಿ, ದೂರದವರು ಚಿಕ್ಕದಾಗಿ ಬರೆಯುತ್ತಿದ್ದ. ನಮ್ಮ ಚಿತ್ರಗಾರ ಆ ಚೌಕಿಯನ್ನು ಬಾವಿಯೊಳಗೆ ಇಣುಕಿದ ಹಾಗೆ ಮೇಲಿನಿಂದ ನೋಡುತ್ತಾನೆ. ಆದರೆ ಒಳಗಿರುವ ಮನುಷ್ಯರನ್ನು ಪಕ್ಕದಿಂದ ಬರೆಯುತ್ತಾನೆ. ಹೀಗಾಗಿ ಸುತ್ತುವರಿಯುವುದು ಎಂದರೆ ಏನು ಎಂಬುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ನಾಲ್ಕೂ ಕಡೆಯಿಂದ ಕುದುರೆ ಸವಾರರು ನುಗ್ಗುತ್ತಿದ್ದಾರೆ, ಓಡಲು ದಾರಿಯಿಲ್ಲ, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ ಬೆರಳು ಕಚ್ಚುತ್ತಿದ್ದಾನೆ. ನೆಲಮಟ್ಟದ ಚಿತ್ರದಲ್ಲಿ ಅವನು ತನ್ನದೇ ಸೈನಿಕರ ಬೆನ್ನ ಹಿಂದೆ ಮರೆಯಾಗಿಬಿಡುತ್ತಿದ್ದ.

ಪಶ್ಚಿಮದಿಂದ ಬಂದದ್ದು ಈ ಗೋಡೆಯಲ್ಲಿ ಬಹಳವಿದೆ. ಕೆಂಪು ಕೋಟು, ಟೋಪಿ, ಬಂದೂಕಿನ ಸಾಲು, ತೋಪಿನ ಬಂಡಿ. ಫ್ರೆಂಚ್ ಅಧಿಕಾರಿ ಲಾಲಿಯ ಕೈಯಲ್ಲಿ ದುರ್ಬೀನು. (ಪಾಂಡವಪುರದ ಹಳಬರಿಗೆ ಈ ಫ್ರೆಂಚರು ಹೊಸಬರಲ್ಲ. ಹಿರೋಡೆಯ ಬಂಡೆಗಳ ಹತ್ತಿರ ಅವರ ದಂಡು ಬೀಡುಬಿಟ್ಟಿದ್ದರಿಂದಲೇ ಆ ಊರು ಬಹುಕಾಲ ‘ಫ್ರೆಂಚ್ ರಾಕ್ಸ್’ ಆಗಿತ್ತು.) ಆದರೆ ಬಂದದ್ದೆಲ್ಲ ಮೈಸೂರಿನ ರೇಖೆಗೆ ಒಗ್ಗಿಕೊಂಡೇ ಒಳಗೆ ಬಂದಿದೆ. ಕವಾಯತು ಮಾಡಿದ ಸೈನಿಕರ ಒಂದೇ ತರಹದ ಸಾಲನ್ನು ನಮ್ಮ ಚಿತ್ರಗಾರ ಹೂಬಳ್ಳಿಯ ಅಂಚನ್ನು ಬರೆಯುವ ಹಾಗೆ, ಅದೇ ಮುಖ ಅದೇ ಕಾಲು ಮತ್ತೆ ಮತ್ತೆ ಬರುವ ಹಾಗೆ ಬರೆದಿದ್ದಾನೆ. ಯುರೋಪಿನ ಶಿಸ್ತು ಅವನ ಕೈಯಲ್ಲಿ ಸೀರೆಯ ಬಾರ್ಡರ್ ಆಗಿದೆ. ನಗು ಬರುವುದು ಇಲ್ಲೇ. ಮೈಸೂರಿನವರಿಗೆಲ್ಲ ಮೀಸೆ, ಇಂಗ್ಲಿಷರದ್ದು ನುಣ್ಣನೆಯ ಕೆನ್ನೆ. ತಲೆಗಳು ಉರುಳುತ್ತಿರುವಾಗ ಟಿಪ್ಪು ಗುಲಾಬಿಯನ್ನು ಮೂಸುತ್ತಿದ್ದಾನೆ. ಕಾಪಾ ತನ್ನ ಇರುವೆಯನ್ನು ಬದಲಿಸಿದಂತೆ, ಈ ಹೆಸರಿಲ್ಲದ ಚಿತ್ರಗಾರ ಇಂಗ್ಲಿಷ್ ಸಿಪಾಯಿಯನ್ನು ತನ್ನ ಗುರುತಿಗೆ ಬದಲಿಸಿಕೊಂಡ. ಮನೆಯವನು ಯಾರು ಎಂಬ ಬಗ್ಗೆ ಅನುಮಾನವೇ ಇಲ್ಲ.

ಹೊಗಳುವುದಕ್ಕೆ ಮಾತ್ರ ಇದನ್ನು ಬರೆಯುತ್ತಿಲ್ಲ. ಮೆರವಣಿಗೆಯ ಫಲಕಗಳು ನನಗೆ ಎಂದೂ ಹಿಡಿಸಿಲ್ಲ. ಸಾಲುಗಳು ಉದ್ದವಾಗಿವೆ, ಕಣ್ಣು ನಿಲ್ಲುವ ಜಾಗವಿಲ್ಲ. ಒಡೆಯನನ್ನು ಮೆಚ್ಚಿಸಲು ಬರೆದದ್ದು ಎಂಬುದು ತಿಳಿದುಬಿಡುತ್ತದೆ. ಯುದ್ಧದ ಫಲಕದಲ್ಲೂ ಸೋತವನನ್ನು ನೋಡಿ ಹಿಗ್ಗುವ ಒಂದು ಭಾವವಿದೆ. ಶಾಲೆಯ ಹುಡುಗರಾಗಿ ನಾವು ತಲೆ ಎಣಿಸಿದ್ದು ನಮ್ಮ ತಪ್ಪು ಮಾತ್ರವಲ್ಲ, ಚಿತ್ರವೇ ಎಣಿಸಲು ಕರೆಯುತ್ತದೆ. ಹೆಣವಾದವನಿಗೂ ಒಂದು ಮುಖವಿತ್ತು ಎಂಬ ಯೋಚನೆ ಈ ಗೋಡೆಗೆ ಬಂದಿಲ್ಲ. ತಡವಾಗಿ ಬಂದ ಹೈದರಾಬಾದಿನ ನಿಜಾಮನನ್ನೂ ಮೂಲೆಯಲ್ಲಿ ಬರೆದು ಅಣಕಿಸಿರುವುದನ್ನು ನೋಡಿದರೆ, ಇಲ್ಲಿ ಹಗೆ ಮತದ್ದಲ್ಲ, ರಾಜಕೀಯದ್ದು ಎಂಬುದಂತೂ ಗೊತ್ತಾಗುತ್ತದೆ. ಆದರೂ ಹಗೆ ಹಗೆಯೇ.

ಅದೇ ಕಣ್ಣುಗಳಿಂದ ಪೂರ್ವದ ಗೋಡೆಗೆ ಹೋಗಬೇಕು. ಬಹುಪಾಲು ಪ್ರವಾಸಿಗರು ಅತ್ತ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಅಲ್ಲಿ ಐದು ಸಾಲುಗಳಲ್ಲಿ ದರ್ಬಾರಿನ ಚಿತ್ರಗಳಿವೆ. ತಂಜಾವೂರಿನ ರಾಜ, ಬನಾರಸಿನ ರಾಜ, ಚಿತ್ತೂರಿನ ರಾಣಿ, ಪೇಶ್ವೆ ಬಾಲಾಜಿರಾವ್, ಮೈಸೂರಿನ ಕೃಷ್ಣರಾಜ ಒಡೆಯರ್, ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ. ಕೊನೆಯ ಹೆಸರಿನ ಹತ್ತಿರ ನಿಲ್ಲಬೇಕು. 1779ರಲ್ಲಿ ಚಿತ್ರದುರ್ಗವನ್ನು ಹಿಡಿದವನು ಹೈದರ್. ಮದಕರಿಯನ್ನು ಸೆರೆಯಾಗಿ ತಂದದ್ದು ಇದೇ ಶ್ರೀರಂಗಪಟ್ಟಣಕ್ಕೆ. ಅವನ ಬದುಕು ಮುಗಿದದ್ದೂ ಸೆರೆಯಲ್ಲೇ. ಅಂಥ ಮದಕರಿ ಇಲ್ಲಿ ಬೈಲಿಯ ಹಾಗೆ ಬೆರಳು ಕಚ್ಚುತ್ತ ಕುಳಿತಿಲ್ಲ, ದರ್ಬಾರಿನ ಗೌರವದಲ್ಲಿ ಇದ್ದಾನೆ. ಗೆದ್ದವರು ಸೋತವನಿಗೆ ಮರಳಿ ಕೊಟ್ಟ ಮರ್ಯಾದೆ ಇದು ಎನ್ನಬಹುದು. ಬದುಕಿದ್ದಾಗ ಕಿತ್ತುಕೊಂಡದ್ದನ್ನು ಗೋಡೆಯ ಮೇಲೆ ಕೊಡುವುದು ಸುಲಭ ಎಂದೂ ಅನ್ನಬಹುದು. ದುರ್ಗದ ಕಡೆಯ ಓದುಗರು ಎರಡನೆಯ ಮಾತನ್ನೇ ಆಡುತ್ತಾರೆಂದು ನನಗೆ ಗೊತ್ತು. ಅವರ ಜೊತೆ ಜಗಳವಿಲ್ಲ. ನಾಡಿನ ಪಾಳೆಯಗಾರರನ್ನೂ ಉತ್ತರದ ರಾಜರನ್ನೂ ಒಂದೇ ಅಳತೆಯಲ್ಲಿ ಕೂರಿಸಿದ ಗೋಡೆ ಟಿಪ್ಪುವಿನ ಅರಮನೆಯಲ್ಲಿ ಇದೆ ಎಂಬುದನ್ನು ಪರವಾಗಿಯೂ ವಿರೋಧವಾಗಿಯೂ ಕೂಗಾಡುವವರು ಒಮ್ಮೆ ಹೋಗಿ ನೋಡಲಿ ಎಂಬುದಷ್ಟೇ ನನ್ನ ಮಾತು.

ಈ ಮಾತನ್ನೂ ಸ್ವಲ್ಪ ಎಚ್ಚರದಿಂದ ಆಡಬೇಕು. ಏಕೆಂದರೆ ನಾವು ಇಂದು ನೋಡುತ್ತಿರುವುದು 1784ರ ಕೈಬರಹವಲ್ಲ.

ಸುಣ್ಣದ ಕತೆ ಇಲ್ಲಿ ಬರುತ್ತದೆ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಒಂದು ಸಂಗತಿ ಬರೆದಿದ್ದಾನೆ. ಶ್ರೀರಂಗಪಟ್ಟಣದ ಮುಖ್ಯಬೀದಿಗಳ ಮನೆಗೋಡೆಗಳ ಮೇಲೆ ಟಿಪ್ಪು ಇಂಗ್ಲಿಷರ ವ್ಯಂಗ್ಯಚಿತ್ರಗಳನ್ನು ಬರೆಸಿದ್ದನಂತೆ. ಒಂದರಲ್ಲಿ ನಡುಗುವ ಇಂಗ್ಲಿಷನನ್ನು ಹುಲಿ ಹಿಡಿಯುತ್ತಿದೆ, ಇನ್ನೊಂದರಲ್ಲಿ ಸವಾರನೊಬ್ಬ ಒಂದೇ ಏಟಿಗೆ ಎರಡು ತಲೆ ಹಾರಿಸುತ್ತಿದ್ದಾನೆ. ನಿಜವಾದ ಬೀದಿಚಿತ್ರ ಎಂದರೆ ಇದು. ಅರಮನೆಯ ಜಗುಲಿಯದ್ದಲ್ಲ, ತರಕಾರಿ ತರಲು ಹೋದವರ ಕಣ್ಣಿಗೆ ಬೀಳುವಂಥದ್ದು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಊರಿನತ್ತ ಬಂದಾಗ ಅವನ್ನೆಲ್ಲ ಅಳಿಸಲು ಟಿಪ್ಪುವೇ ಆಜ್ಞೆ ಮಾಡಿದ. ಬರೆಸಿದವನೇ ಅಳಿಸಬೇಕಾಯಿತು. ವಿಲ್ಕ್ಸ್ ಟಿಪ್ಪುವಿನ ಸ್ನೇಹಿತನಲ್ಲ, ಅವನು ಬರೆದದ್ದರಲ್ಲಿ ದ್ವೇಷದ ಮಸಾಲೆ ಧಾರಾಳವಾಗಿದೆ. ಆದರೆ ಈ ವಿವರದಲ್ಲಿ ನನಗೆ ಕಾಣುವುದು ದ್ವೇಷಕ್ಕಿಂತ ಹೆಚ್ಚಾಗಿ ನಮ್ಮ ಬಾಬಯ್ಯನ ಹಬ್ಬದ ಹುಲಿವೇಷದ ಜನಪದ. ಹುಲಿಯ ಪಟ್ಟೆಯನ್ನು ಮೈಮೇಲೆ ಬರೆಯುವ ಕೈಯೇ ಗೋಡೆಯ ಮೇಲೆ ಬರೆದಿದ್ದರೆ ಆಶ್ಚರ್ಯವಿಲ್ಲ. ಆ ಬೀದಿಚಿತ್ರಗಳಲ್ಲಿ ಒಂದೂ ಉಳಿದಿಲ್ಲ.

ದರಿಯಾ ದೌಲತ್‌ನ ಗೋಡೆಗೂ ಇದೇ ಗತಿ ಬಂತು. ರೈಸ್‌ನ ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ, ಮುತ್ತಿಗೆಯ ಮೊದಲೇ ಚಿತ್ರಗಳನ್ನು ಕೆಡಿಸಲಾಗಿತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಈ ಅರಮನೆಯಲ್ಲಿ ವಾಸವಿದ್ದು ಅವನ್ನು ಸರಿಪಡಿಸಿದ. ಆಮೇಲೆ ಮತ್ತೆ ಸುಣ್ಣ ಬಿತ್ತು, ಚಿತ್ರಗಳು ಬಹುತೇಕ ಮುಚ್ಚಿಹೋದವು. 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ ಅವನ್ನು ಮತ್ತೆ ಬರೆಸಿದ. ಬರೆದವನು ಮೂಲಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ದೇಶೀಯ ಚಿತ್ರಗಾರ.

ಡಾಲ್‌ಹೌಸಿ ಎಂದರೆ ಯಾರು? ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದವನು. ಅಂಥವನು ತನ್ನ ಜನರ ಹೀನಾಯ ಸೋಲಿನ ಚಿತ್ರಕ್ಕೆ ಕಂಪನಿಯ ದುಡ್ಡು ಕೊಟ್ಟು ಜೀವ ತುಂಬಿದ. ಗುಂಬಜಿನ ದಂತದ ಕುಸುರಿಯ ಬಾಗಿಲುಗಳೂ ಅವನದೇ ಕೊಡುಗೆ. ಔದಾರ್ಯ ಎನ್ನುವವರು ಎನ್ನಲಿ. ಹುಲಿ ಸತ್ತು ಐವತ್ತು ವರ್ಷ ಕಳೆದ ಮೇಲೆ ಅದರ ಚರ್ಮವನ್ನು ಹದ ಮಾಡಿ ಗೋಡೆಗೆ ಹಾಕಿಕೊಳ್ಳುವುದಕ್ಕೆ ಧೈರ್ಯ ಬೇಕಿಲ್ಲ ಎಂದು ನನಗನ್ನಿಸುತ್ತದೆ. ಆ ನೆನಪಿಟ್ಟುಕೊಂಡ ಚಿತ್ರಗಾರನ ಬಗ್ಗೆ ಮಾತ್ರ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಅವನಿಗೆ ಸುಣ್ಣದ ಕೆಳಗಿದ್ದುದೆಲ್ಲ ಮನಸ್ಸಿನಲ್ಲಿತ್ತು. ಆದರೆ ಯಾವುದು ನೆನಪು, ಯಾವುದು ತನ್ನ ಕಾಲದ ಅಭ್ಯಾಸ? ಮೂರನೆಯ ಕೃಷ್ಣರಾಜ ಒಡೆಯರ ಕಾಲ ಅದು. ಮೈಸೂರಿನ ಚಿತ್ರಗಾರರು ದೇವರ ಪಟಗಳನ್ನೂ ರಾಜರ ಭಾವಚಿತ್ರಗಳನ್ನೂ ಬರೆಯುತ್ತಿದ್ದ ಕಾಲ. ಪೂರ್ವದ ಗೋಡೆಯ ದರ್ಬಾರುಗಳ ನಯ, ಅಲ್ಲಿ ಕುಳಿತವರ ಗಾಂಭೀರ್ಯ ಆ ಕಾಲದ್ದೂ ಇರಬಹುದಲ್ಲವೇ? ಮದಕರಿಗೆ ಮರ್ಯಾದೆ ಕೊಟ್ಟವನು ಟಿಪ್ಪುವೋ ಈ ಹೆಸರಿಲ್ಲದ ಮುದುಕನೋ ಎಂಬುದನ್ನು ಗೋಡೆಯನ್ನು ಮಾತ್ರ ನೋಡಿ ತೀರ್ಮಾನಿಸಲಾಗದು. ‘ಟಿಪ್ಪು ಬರೆಸಿದ ಚಿತ್ರ’ ಎಂದು ನಾವು ಹೇಳುವಾಗ ನಾಲ್ಕೈದು ಕೈಗಳನ್ನು ಒಂದೇ ಹೆಸರಿನ ಕೆಳಗೆ ಮುಚ್ಚುತ್ತೇವೆ. ಅದೂ ಒಂದು ಬಗೆಯ ಸುಣ್ಣವೇ.

ಹಾಗಾದರೆ ಸುಣ್ಣಕ್ಕಿಂತ ಮೊದಲಿನದನ್ನು ಎಲ್ಲಿ ನೋಡುವುದು? ಕಾಗದದ ಮೇಲೆ. ಪೊಲ್ಲಿಲೂರಿನ ಚಿತ್ರವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಾಗದದ ಹಾಳೆಗಳ ಮೇಲೆ ನಕಲು ಮಾಡಿದ್ದುಂಟು. ಅಂಥದ್ದೊಂದು, ಹತ್ತು ಹಾಳೆಗಳ, ಸುಮಾರು 32 ಅಡಿ ಉದ್ದದ್ದು, 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಡಾಲ್‌ಹೌಸಿ ಬರೆಸಿದ್ದಕ್ಕಿಂತ ಹಳೆಯದು ಎಂಬ ಕಾರಣಕ್ಕೆ ನಕಲು ಈಗ ಗೋಡೆಗಿಂತ ಹೆಚ್ಚು ಮೂಲ. ಶ್ರೀರಂಗಪಟ್ಟಣದ ಗೋಡೆ ತನ್ನ ಹಳೆಯ ಮುಖವನ್ನು ನೋಡಿಕೊಳ್ಳಬೇಕಾದರೆ ಲಂಡನ್ನಿಗೆ ಹೋಗಬೇಕು.

ಲಂಡನ್ ಎಂದಾಗ ಇನ್ನೊಂದು ಚಿತ್ರ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲಂಡನ್ನಿನ ಲೈಸಿಯಂ ಎಂಬಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ‘ಶ್ರೀರಂಗಪಟ್ಟಣದ ಮೇಲಿನ ದಾಳಿ’ ಎಂಬ ದೈತ್ಯ ಚಿತ್ರವನ್ನು ಪ್ರದರ್ಶಿಸಿದ. ನೂರು ಅಡಿಗೂ ಹೆಚ್ಚು ಉದ್ದದ ಕ್ಯಾನ್ವಾಸು, ಅರ್ಧ ಚಂದ್ರಾಕಾರವಾಗಿ ನಿಲ್ಲಿಸಿದ್ದು. ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ್ದ. ಕಾವೇರಿಯನ್ನು ಅವನು ಕಂಡವನೇ ಅಲ್ಲ. ಜನ ಮುಗಿಬಿದ್ದು ನೋಡಿದರು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಅಲ್ಲಿನ ನಾಯಕ. ಇದೇ ಬೇರ್ಡ್ 1780ರಲ್ಲಿ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದವನು. ನಮ್ಮ ಗೋಡೆಯ ಆ ನುಣ್ಣನೆಯ ಕೆನ್ನೆಯ ಸಿಪಾಯಿಗಳ ಗುಂಪಿಗೆ ಸೇರಿದವನು ಲಂಡನ್ನಿನ ಕ್ಯಾನ್ವಾಸಿನಲ್ಲಿ ಕತ್ತಿ ಎತ್ತಿ ನಿಂತಿದ್ದಾನೆ. ಒಂದೇ ಕತೆಯ ಎರಡು ತುದಿಗಳನ್ನು ಎರಡು ಊರಿನ ಜನ ಬೇರೆ ಬೇರೆಯಾಗಿ ನೋಡಿದರು.

ಪೋರ್ಟರನ ಕ್ಯಾನ್ವಾಸು ಉಳಿಯಲಿಲ್ಲ, ಅದರಿಂದ ತೆಗೆದ ಅಚ್ಚುಚಿತ್ರಗಳಷ್ಟೇ ಉಳಿದಿವೆ. ಅವುಗಳಲ್ಲಿ ಹೊಗೆಯಿದೆ, ಬೆಳಕಿದೆ, ದೂರ ಹತ್ತಿರಗಳ ಕರಾರುವಾಕ್ಕಾದ ಲೆಕ್ಕವಿದೆ. ನೋಡುವವನು ದಾಳಿಕೋರರ ಜೊತೆ ಕಂದಕದಲ್ಲಿ ನಿಂತ ಹಾಗೆ ಆಗುತ್ತದೆ. ಆ ಚಿತ್ರಕಲೆಯ ಶಕ್ತಿಯೇ ಅದು. ನಮಗೊಂದು ಜಾಗ ಕೊಟ್ಟು ಅಲ್ಲಿಂದಲೇ ನೋಡು ಎನ್ನುತ್ತದೆ. ದರಿಯಾ ದೌಲತ್‌ನ ಗೋಡೆ ಹಾಗೆ ಯಾವ ಜಾಗವನ್ನೂ ಕೊಡುವುದಿಲ್ಲ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಎಡದಿಂದ ಬಂದರೆ ಸವಾರರ ಜೊತೆ ಬರುತ್ತೇವೆ, ನಡುವಿನಿಂದ ಶುರು ಮಾಡಿದರೆ ಪಲ್ಲಕ್ಕಿಯಲ್ಲಿರುವವನ ಭಯದಿಂದ ಹೊರಗೆ ನೋಡುತ್ತೇವೆ. ಮೊದಲು ಹೇಳಿದ ಹಿಗ್ಗಿನ ನಡುವೆಯೂ ಬೈಲಿಯ ಬೆರಳು ಕಣ್ಣಿಗೆ ಬೀಳುವುದು ಇದರಿಂದಲೇ. ಪಪುನ್ಯಾದ ಮರಳಿನ ಗುರುತುಗಳೂ ಹೀಗೆಯೇ ನೆಲವನ್ನು ಮೇಲಿನಿಂದ ಓದುತ್ತವೆ, ಸುತ್ತ ಕುಳಿತ ಯಾವ ಕಡೆಯವನೂ ಅದನ್ನು ನೋಡಬಹುದು. ಇದನ್ನು ಬಾಲಿಶ ಎಂದು ಬರೆದ ಇಂಗ್ಲಿಷ್ ಪ್ರವಾಸಿಗಳು ಬಹಳ ಮಂದಿ. ಅವರ ಮಾತನ್ನೇ ಕಲಿತು ನಾವೂ ‘ಆಗಿನ ಕಾಲದವರಿಗೆ ದೂರ ಹತ್ತಿರ ಗೊತ್ತಿರಲಿಲ್ಲ’ ಎಂದು ಮಕ್ಕಳಿಗೆ ಹೇಳುತ್ತಿದ್ದೇವೆ. ಗೊತ್ತಿಲ್ಲದೆ ಬರೆದದ್ದಲ್ಲ, ಬೇಡವೆಂದು ಬರೆದದ್ದು. ಲಾಲಿಯ ಕೈಗೆ ದುರ್ಬೀನು ಕೊಟ್ಟವನಿಗೆ ದೂರ ಹತ್ತಿರ ತಿಳಿಯದೇ?

2015ರಿಂದ 2018ರವರೆಗೆ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ನಿಲ್ಲಿಸಿತು. ಆ ವರ್ಷಗಳಲ್ಲಿ ನವೆಂಬರ್ ಬಂತೆಂದರೆ ಶ್ರೀರಂಗಪಟ್ಟಣದಲ್ಲಿ ಪೊಲೀಸ್ ವ್ಯಾನುಗಳು. ಮೆರವಣಿಗೆಯ ಫ್ಲೆಕ್ಸುಗಳಲ್ಲಿ ಟಿಪ್ಪುವಿನ ಮುಖ, ಪ್ರತಿಭಟನೆಯ ಫಲಕಗಳಲ್ಲೂ ಅದೇ ಮುಖ. ಆ ದಿನಗಳಲ್ಲೊಮ್ಮೆ ನಾನು ಟಿಕೆಟ್ಟು ತೆಗೆದುಕೊಂಡು ಒಳಗೆ ಹೋಗಿದ್ದೆ. ಬಿಸಿಲಿಗೆ ಬಣ್ಣ ಹೋಗದಂತೆ ಇಳಿಬಿಟ್ಟ ಪರದೆಗಳ ನೆರಳಿನಲ್ಲಿ ಗೋಡೆ ತಣ್ಣಗಿತ್ತು. ಬುರ್ಖಾ ತೊಟ್ಟ ಹೆಂಗಸೊಬ್ಬರು ಸಣ್ಣ ಹುಡುಗನ ಕೈ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಹಣೆಗೆ ವಿಭೂತಿ ಇಟ್ಟ ಹಳ್ಳಿಯ ಹಿರಿಯರೊಬ್ಬರು. ಹುಡುಗ, ‘ಅಮ್ಮೀ, ಪಲ್ಲಕ್ಕೀಲಿ ಕೂತಿರೋದು ಟಿಪ್ಪುನಾ?’ ಎಂದು ಕೇಳಿದ. ತಾಯಿಗೆ ಉತ್ತರ ಹೊಳೆಯಲಿಲ್ಲ. ಆ ಹಿರಿಯರೇ ಬಗ್ಗಿ, ‘ಅಲ್ಲ ಕಣ್ ಮಗ, ಅವ್ನು ಸೋತೋನು. ಗೆದ್ದೋರು ಹೂ ಹಿಡ್ಕಂಡವ್ರೆ ನೋಡು’ ಎಂದರು. ಹುಡುಗ ಹೂವನ್ನು ಹುಡುಕಲು ಮುಂದೆ ಹೋದ.

ನನ್ನ ಕೋರಿಕೆ ಚಿಕ್ಕದು. ಯಾರು ಯಾರು, ಯಾವ ಫಲಕ ಯಾವುದು ಎಂದು ಆ ಹಿರಿಯರು ಹೇಳಿದಷ್ಟೇ ತಿಳಿಯಾದ ಕನ್ನಡದಲ್ಲಿ ಜಗುಲಿಯ ಮೇಲೆ ಬರೆದಿಡಲಿ. ಸುಣ್ಣ ಬಿದ್ದದ್ದನ್ನೂ, ಮತ್ತೆ ಬರೆದದ್ದನ್ನೂ, ನೆನಪಿನಿಂದ ಬರೆದ ಹೆಸರಿಲ್ಲದವನನ್ನೂ ಅಲ್ಲೇ ಸೇರಿಸಲಿ. ಹಳೆಯ ಕಾಗದದ ನಕಲಿನ ಒಂದು ಒಳ್ಳೆಯ ಛಾಯಾಪ್ರತಿಯನ್ನು ತರಿಸಿ ಗೋಡೆಯ ಎದುರಿಗೆ ಇಡಲಿ. ಆಗ ಚಿನಕುರಳಿಯ ಶಾಲೆಯ ಮಕ್ಕಳು ಎರಡನ್ನೂ ನೋಡಿ, ಯಾವ ಸವಾರ ಇಲ್ಲಿದ್ದಾನೆ, ಯಾರು ಅಲ್ಲಿ ಮಾತ್ರ ಇದ್ದಾನೆ ಎಂದು ಹುಡುಕಬಹುದು. ತಲೆ ಎಣಿಸುವುದಕ್ಕಿಂತ ಅದು ಒಳ್ಳೆಯ ಆಟ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಮೇಷ್ಟರಿಗೆ ಬಸ್ಸು ತಪ್ಪಿದರೂ ತಪ್ಪಬಹುದು.